ಕಾಕಾನ ಸಂಚಿಯಲ್ಲಿದ್ದ ಬಣ್ಣಗಳು

ನಮ್ಮ ಕಾಕಾನಿಗೆ ನೀವೇನಾದರೂ ನಮಸ್ಕಾರ ಮಾಡಿದ್ದರೆ ಕೆಟ್ಟಿರಿ ಎಂದೇ ಲೆಕ್ಕ! ಕೈಮುಗಿದವರ ಮುಖವನ್ನು ಅವರು ನೋಡುತ್ತಲೇ ಇರಲಿಲ್ಲ. ಮುಗಿದ ಕೈಯನ್ನು ಗಪ್ಪನೆ ಹಿಡಿದು, ಮಣಿಕಟ್ಟಿನ ಒಳಮೈ ಮೇಲೆ ಬರುವಂತೆ ತಿರುವಿ, ಸೊಂಟದ ಸಂಚಿಯಿಂದ ಒಂದೆಳೆ ಬಣ್ಣದ ನೂಲು ತೆಗೆದು ಅದರ ಮೇಲಿಟ್ಟುಬಿಡುತ್ತಿದ್ದರು. ಮರುಕ್ಷಣ ತೀರ್ಪು: "ಈ ಅಂಗಿ ನಿಮ್ಮ ಮೈಗೆ ಹೊಂದಂಗಿಲ್ಲರಿ. ಮನಿಗೆ ಹೋಗಿ ತಗದುಬಿಡ್ರಿ!"

ಲೋಕದವರ ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣ ಇರುತ್ತದೆ. ಇವರ ಸಂಚಿಯಲ್ಲಿ ನಲವತ್ತು ಬಣ್ಣದ ನೂಲು! ರಬಕವಿಯಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವುದೇ ಅವರ ಕಸುಬು. ಕುದಿಯುವ ಹಂಡೆಯಲ್ಲಿ ನೂಲಿನ ಲಡಿ ಅದ್ದಿ ಅದ್ದಿ ಅವರ ಕೈಗಳು ಮೊಣಕೈವರೆಗೆ ಒಂದು ದಿನ ನೀಲಿ, ಒಂದು ದಿನ ಕೆಂಪು. ಅವರ ಸ್ವಂತ ಮೈಬಣ್ಣ ಯಾವುದು ಎಂದು ಕೇಳಿದರೆ, "ಮರ್ತೈತಿ ಬಿಡು" ಎನ್ನುತ್ತಿದ್ದರು.

ನಾನು ಹತ್ತು ವರ್ಷದವಳಿದ್ದಾಗ ಅವರ ಜೊತೆ ಜಮಖಂಡಿ ಬಸ್ಸು ಹತ್ತಿದ್ದೆ. ಕಂಡಕ್ಟರ್ ಟಿಕೇಟಿಗೆ ಕೈ ಚಾಚಿದ. ಕಾಕಾ ಆ ಕೈಯ ಮೇಲೆ ನೂಲಿಟ್ಟರು! ಬಸ್ಸಿಗೆ ಬಸ್ಸೇ ದಂಗಾಯಿತು.

"ತಮ್ಮಾ, ಖಾಕಿ ನಿನಗ ಒಟ್ಟ ಹೊಂದಂಗಿಲ್ಲ. ಬ್ಯಾರೆ ನೌಕರಿ ನೋಡ್ಕೊ."

"ನನ್ನ ನೌಕರಿ ಇರ್ಲಿರಿ, ಮೊದಲ ನೀವು ಇಳೀರಿ!"

ನಡುದಾರಿಯಲ್ಲಿ ಇಳಿದೆವು. ಸುಡುಸುಡು ಬಿಸಿಲು. ನಾನು ಅಳುತ್ತ ನಡೆದರೆ ಇವರು ನಗುತ್ತ ನಡೆದರು. "ಇದ್ದದ್ದು ಇದ್ದಂಗ ಹೇಳಿದರ ಎದ್ದು ಬಂದು ಎದಿಗೆ ಒದ್ದರಂತ, ಕೇಳಿಯಿಲ್ಲೇನ ಹುಡುಗಿ?" ಕೇಳಿದ್ದೆ. ಆದರೆ ಒದೆಸಿಕೊಂಡವರ ಜೊತೆ ನಾನೇಕೆ ನಡೆಯಬೇಕು ಹೇಳಿ?

ಇನ್ನು ನನ್ನ ವಿಷಯ. ನಾನು ಕಪ್ಪು. ಅವ್ವ ಅದನ್ನು ಎಣ್ಣೆಗಪ್ಪು, ಗೋಧಿಗಪ್ಪು ಎಂದು ಏನೇನೋ ಮಾಡಿ ತಿಳಿ ಮಾಡಲು ನೋಡುತ್ತಿದ್ದಳು. ತಿಳಿಗುಲಾಬಿ ಸೀರೆ ಉಟ್ಟರೆ ಬೆಳ್ಳಗೆ ಕಾಣುತ್ತೇನೆಂದು ಊರ ಹೆಂಗಸರೆಲ್ಲ ಹೇಳಿದ್ದರು. ನನಗೂ ಚಿಕ್ಕಂದಿನಿಂದ ಆ ಬಣ್ಣದ ಮೇಲೆ ಜೀವ. ಕಾಕಾ ಮಾತ್ರ ಬಿಡಬೇಕಲ್ಲ! ನನ್ನ ಮಣಿಕಟ್ಟಿನ ಮೇಲೆ ದಾಳಿಂಬೆ ಕೆಂಪಿನ ನೂಲಿಟ್ಟು, "ಇದ ನಿನ್ನ ಬಣ್ಣ. ಉರಿಯಾಕತ್ತೈತಿ ನೋಡು!" ಎಂದಿದ್ದರು. ಆ ಎಳೆಯನ್ನು ಗಂಟು ಹಾಕಿ ಸಂಚಿಯಲ್ಲಿ ಬೇರೆಯೇ ಇಟ್ಟುಕೊಂಡಿದ್ದರು.

ಮುಧೋಳದವರು ನನ್ನನ್ನು ನೋಡಲು ಬಂದ ದಿನ ಅವ್ವ ಮುಖಕ್ಕೆ ಪೌಡರ್ ಬಳಿದು, ತಿಳಿಗುಲಾಬಿ ಉಡಿಸಿ, ಚಹಾದ ತಾಟು ಕೈಗೆ ಕೊಟ್ಟಳು. ಹೊಸ್ತಿಲು ದಾಟಿದೆನೋ ಇಲ್ಲವೋ, ಕಾಕಾ ಎದ್ದು ನಿಂತರು. "ನಿಂದರು! ಈ ಸೀರ್ಯಾಗ ನಮ್ಮ ಹುಡುಗಿ ಕಾಣವಲ್ಲಳು. ವೈನಿ, ಒಳಗ ಕರಕೊಂಡು ಹೋಗಿ ದಾಳಿಂಬ್ರಿ ಸೀರಿ ಉಡಿಸಿಕೊಂಡು ಬರ್ರಿ!"

ಅಯ್ಯೋ ದೇವರೇ! ಅವರ ವೈನಿ, ಅಂದರೆ ನಮ್ಮ ಅವ್ವ, ಗೋಡೆ ಹಿಡಿದಳು. ಬಂದವರಲ್ಲಿ ಒಬ್ಬ ಹಿರಿಯರು ಮೆಲ್ಲಗೆ, "ಹುಡುಗಿ ಬಣ್ಣ ಸ್ವಲ್ಪ ಕಪ್ಪಲ್ಲೇನ್ರಿ?" ಎಂದರು.

"ಕಪ್ಪ ಅದಾಳರಿ. ಎರಿ ಹೊಲಾನೂ ಕಪ್ಪ ಐತಿ. ಕಪ್ಪ ಐತಿ ಅಂತ ನೀವು ಎರಿ ಹೊಲಾ ಬಿಟ್ಟೀರೇನು?"

ಹಿರಿಯರಿಗೆ ಎರೆ ಹೊಲವೇ ಜಾಸ್ತಿ ಇತ್ತಂತೆ. ನಕ್ಕುಬಿಟ್ಟರು. ನಾನು ಸೀರೆ ಬದಲಿಸಿ ಬಂದೆ, ಮದುವೆ ಆಯಿತು.

ಮುಂದಿನ ನಾಗರಪಂಚಮಿಗೆ ತವರಿಗೆ ಬಂದೆ. ನಾಲ್ಕು ತಿಂಗಳ ಬಸುರಿ. ಬಂದವಳನ್ನು ನೋಡಿ ಓಣಿಯ ಹೆಂಗಸರೆಲ್ಲ ಬೆರಗಾದರು. "ಯವ್ವಾ, ಎಷ್ಟು ಬೆಳ್ಳಗ ಆಗ್ಯಾಳ! ಮುಧೋಳದ ನೀರ ಹತ್ತೈತಿ ಬಿಡ್ರಿ!" ಅವ್ವ ದೃಷ್ಟಿ ತೆಗೆದಳು. ನನಗಂತೂ ಹಿಗ್ಗೋ ಹಿಗ್ಗು! ತಲೆ ಸುತ್ತುತ್ತಿತ್ತು, ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಖರೆ. ಆದರೆ ತವರಿಗೆ ಬಂದು ಗೋಳು ಹೇಳಿದರೆ ಅತ್ತೆಮನೆಯ ಮಾನ ಏನಾಗಬೇಕು? ತಿಳಿಗುಲಾಬಿ ಸೀರೆ ಉಟ್ಟು ಜೋಕಾಲಿಯ ಹತ್ತಿರ ನಿಂತೆ. ಅಂತೂ ಇಂತೂ ಆ ಸೀರೆ ನನಗೆ ಒಪ್ಪಿತ್ತು.

ಕಾಕಾ ಬಂದರು. ಕೈ ಹಿಡಿದು, ಸಂಚಿಯ ಗಂಟು ಬಿಚ್ಚಿ, ಅದೇ ದಾಳಿಂಬೆ ನೂಲು ಇಟ್ಟರು. ನೋಡಿದರು. ಇನ್ನೊಂದು ಕೈಯ ಮೇಲಿಟ್ಟು ನೋಡಿದರು.

"ಇಕಿ ನಮ್ಮ ಹುಡುಗಿ ಅಲ್ಲ!"

ಅವ್ವನ ಕೈಯಲ್ಲಿದ್ದ ಉಂಡಿಯ ಡಬ್ಬಿ ಕೆಳಗೆ ಬಿತ್ತು. "ಹಬ್ಬದ ದಿನ ಏನ್ರಿ ಇದು ಮಾತು? ಹುಡುಗಿ ಬೆಳ್ಳಗಾಗಿ ಬಂದಾಳಂತ ನಿಮಗ್ಯಾಕ ಸಂಕಟ?"

"ಇದು ಬೆಳ್ಳಗ ಆಗೂದಲ್ಲ ವೈನಿ, ಬಣ್ಣ ಬಿಡೂದು! ನೂಲು ಅದ ಐತಿ. ಹುಡುಗಿ ಬದಲ್ಯಾಗ್ಯಾಳ. ಗಾಡಿ ಕಟ್ಟಸ್ರಿ, ಡಾಕ್ಟರ ಕಡೆ ಹೋಗೂಣು."

ಅವರ ದನಿ ನಡುಗುತ್ತಿತ್ತು. ಕಾಕಾನ ದನಿ ನಡುಗಿದ್ದನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಅದಕ್ಕೇ ಎದುರಾಡದೆ ಗಾಡಿ ಹತ್ತಿದೆ.

ಡಾಕ್ಟರು ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು, ಬೆರಳು ಚುಚ್ಚಿ ನೋಡಿದರು. "ಮೈಯಾಗ ರಕ್ತನ ಇಲ್ಲಲ್ರಿ! ಹೆರಿಗಿತನಕ ಹಿಂಗ ಬಿಟ್ಟಿದ್ದರ ತಾಯಿ, ಕೂಸು ಎರಡೂ ಉಳೀತಿರಲಿಲ್ಲ. ಇಷ್ಟು ದಿನ ಯಾರೂ ನೋಡಿಲ್ಲೇನು?"

ಎಲ್ಲರೂ ನೋಡಿದ್ದರು. ಬೆಳ್ಳಗಾಗಿದ್ದಾಳೆ ಎಂದು ಮೆಚ್ಚಿದ್ದರು. ನಾನೂ ಕನ್ನಡಿಯಲ್ಲಿ ನೋಡಿ ಮೆಚ್ಚಿಕೊಂಡಿದ್ದೆ.

ತವರಲ್ಲೇ ಉಳಿದೆ. ಗುಳಿಗೆ, ಇಂಜೆಕ್ಷನ್ನು, ಬೆಲ್ಲ ಶೇಂಗಾ, ಮೆಂತ್ಯೆ ಪಲ್ಯ. ದಿನಾ ಮುಂಜಾನೆ ಕಾಕಾ ಬಂದು ನೂಲಿಟ್ಟು ನೋಡುವರು, "ಇನ್ನೂ ಇಲ್ಲ" ಎಂದು ಹೋಗುವರು. ನನಗೆ ಸಿಟ್ಟು ಬರುತ್ತಿತ್ತು. ಅವರು ಬರುವುದು ತಡವಾದರೆ ಅದಕ್ಕೂ ಸಿಟ್ಟು ಬರುತ್ತಿತ್ತು.

ಹೀಗೇ ಎರಡು ತಿಂಗಳು ಕಳೆದಿರಬೇಕು. ಒಂದು ಮುಂಜಾನೆ ಹಂಡೆಯ ಕೆಲಸ ಅರ್ಧಕ್ಕೇ ಬಿಟ್ಟು, ಹಸಿ ಬಣ್ಣದ ಕೈಯಲ್ಲೇ ಬಂದರು. ನೂಲಿಟ್ಟರು. ಬಹಳ ಹೊತ್ತು ನೋಡಿದರು.

"ಬಂದ್ಲು ನೋಡ್ರಿ ವೈನಿ. ಈಗ ಬಂದ್ಲು ನಮ್ಮ ಕರೀ ಹುಡುಗಿ."

ಆ ಕೈಯಿಂದಲೇ ಕಣ್ಣು ಒರೆಸಿಕೊಂಡರು. ಎರಡೂ ಕೆನ್ನೆಗೆ ನೀಲಿ ಬಳಿದುಕೊಂಡಿತು. ಆ ಬಣ್ಣ ಅವರ ಮುಖಕ್ಕೆ ಒಂಚೂರೂ ಹೊಂದುತ್ತಿರಲಿಲ್ಲ. ನಾನು ಹೇಳಲಿಲ್ಲ.