ಮೆಂತ್ಯ ಉಷ್ಣವೋ ತಂಪೋ

ಕೆಲವರಿಗೆ ಎಲ್ಲಿ ಹೋದರೂ ಸ್ನೇಹಿತರು ಸಿಗುತ್ತಾರೆ, ನನಗೆ ಎಲ್ಲಿ ಹೋದರೂ ಫಜೀತಿ ಸಿಗುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಅಮೆರಿಕದ ರಾಕ್‌ವಿಲ್‌ನ ಒಂದು ಚೀನೀ ಔಷಧಾಲಯದಲ್ಲಿ ರಿಸೆಪ್ಷನಿಸ್ಟ್ ಆಗಿ ಮೂರು ವರ್ಷ ಕೂತಿದ್ದೆ. ಒಂದು ಪಕ್ಕಕ್ಕೆ ಡ್ರೈ ಕ್ಲೀನರ್, ಇನ್ನೊಂದು ಪಕ್ಕಕ್ಕೆ ಡೋನಟ್ ಅಂಗಡಿ, ನಡುವೆ ನಾವು. ಕಾಯಿಲೆಯವರು ಬರುವ ಜಾಗ, ಮುಖ ಗಂಭೀರವಾಗಿಟ್ಟುಕೊಳ್ಳಬೇಕು. ಆದರೂ ವಾರಕ್ಕೊಮ್ಮೆಯಾದರೂ ಹಿಂದಿನ ಕೋಣೆಗೆ ಓಡಿಹೋಗಿ, ಸೆರಗಿಲ್ಲದ ಕಾರಣ ಸ್ವೆಟರಿನ ತೋಳನ್ನೇ ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ.

ಸೇರಿದ ವರ್ಷವಂತೂ ಮನೆಯಲ್ಲಿ ನಗುವ ಹಾಗೇ ಇರಲಿಲ್ಲ. ಮಾವನವರು ತೀರಿಕೊಂಡು ವರ್ಷ ತುಂಬಿದ ಮೇಲೆ ಅತ್ತೆಯನ್ನು ಮೈಸೂರಿನಿಂದ ಆರು ತಿಂಗಳಿಗೆ ಕರೆಸಿಕೊಂಡಿದ್ದೆವು. ಬಂದವರು ಊಟವನ್ನೇ ಬಿಟ್ಟುಬಿಟ್ಟರು. ಎರಡು ತುತ್ತು ಮೊಸರನ್ನ, ಬೆಳಿಗ್ಗೆ ಒಂದು ಚಮಚ ನೆನೆಸಿದ ಮೆಂತ್ಯ, ಅಷ್ಟೇ. ರವಿಕೆಗಳನ್ನು ನಾನು ಎರಡು ಸಲ ಬಿಗಿ ಮಾಡಿ ಹೊಲಿದೆ. ಡಾಕ್ಟರಿಗೆ ತೋರಿಸಿದೆವು. ರಕ್ತ, ಎಕ್ಸ್‌ರೇ, ಎಲ್ಲ ನಾರ್ಮಲ್. "ದುಃಖ, ಸ್ವಲ್ಪ ಸಮಯ ಕೊಡಿ" ಅಂದರು. ಅತ್ತೆ ಸಮಯ ಕೊಡಲು ತಯಾರಿರಲಿಲ್ಲ. ಪ್ರತಿ ಭಾನುವಾರ ಮಗನ ಹತ್ತಿರ ಒಂದೇ ಮಾತು: "ನನ್ನ ಟಿಕೆಟ್ ಪ್ರಿಪೋನ್ ಮಾಡ್ಸಪ್ಪಾ. ಹೋಗಿ ನಿನ್ನ ಅಕ್ಕನ ಮನೇಲಿ ಒಂದು ಮೂಲೇಲಿ ಬಿದ್ದಿರ್ತೀನಿ." ಈ ಸ್ಥಿತಿಯಲ್ಲಿ ಕಳಿಸಿದರೆ ಮತ್ತೆ ಅವರ ಮುಖ ನೋಡುತ್ತೇವೋ ಇಲ್ಲವೋ ಎಂದು ನನಗೆ ಹೆದರಿಕೆ.

ಇಂಟರ್‌ವ್ಯೂ

ಔಷಧಾಲಯದ ಒಡತಿ, ನಮ್ಮ ಚೀನೀ ಡಾಕ್ಟರಮ್ಮನಿಗೆ ಅರವತ್ತು ದಾಟಿತ್ತು. ಮೇಜಿನ ಹಿಂದೆ ಕೂತರೆ ಕನ್ನಡಕ ಮಾತ್ರ ಕಾಣುವಷ್ಟು ಪುಟ್ಟ ಹೆಂಗಸು. ಇಂಗ್ಲಿಷ್ ನಾಲ್ಕಾಣೆಯಷ್ಟು, ಹಟ ಹದಿನಾರಾಣೆ. ನಾನು ನನ್ನ ಬಿ.ಎಸ್ಸಿ., ಬಿ.ಎಡ್. ಸರ್ಟಿಫಿಕೇಟುಗಳ ಫೈಲ್ ಮುಂದಿಟ್ಟರೆ ಅದನ್ನು ಬಿಚ್ಚಲೇ ಇಲ್ಲ. ಒಂದು ಶುಂಠಿ ಎತ್ತಿ ತೋರಿಸಿದರು.

"ಹಾಟ್? ಕೋಲ್ಡ್?"

"ಹಾಟ್."

"ಕುಕುಂಬರ್?"

"ಕೋಲ್ಡ್."

"ಮ್ಯಾಂಗೋ?"

"ಜಾಸ್ತಿ ತಿಂದರೆ ಹಾಟ್. ಮುಖದಲ್ಲಿ ಗುಳ್ಳೆ ಏಳುತ್ತೆ."

ಡಾಕ್ಟರಮ್ಮ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ನನಗಿಂತ ಮುಂಚೆ ಬಂದ ಒಬ್ಬಳು ಹುಡುಗಿ "ಫ್ರಿಜ್‌ನಲ್ಲಿಟ್ಟರೆ ಕೋಲ್ಡ್" ಅಂದಿದ್ದಳಂತೆ. ಇನ್ನೊಬ್ಬಳು ಶುಂಠಿಯನ್ನು ಮುಟ್ಟಿ ನೋಡಿ "ರೂಮ್ ಟೆಂಪರೇಚರ್" ಅಂದಿದ್ದಳಂತೆ. ನಾಲ್ಕು ವರ್ಷ ಕಾಲೇಜಿಗೆ ಮಣ್ಣು ಹೊತ್ತಿದ್ದಕ್ಕೆ ಸಿಗದ ಕೆಲಸ, ನಮ್ಮಜ್ಜಿ ಅಡಿಗೆಮನೆಯಲ್ಲಿ ಬೈದು ಹೇಳಿಕೊಟ್ಟದ್ದಕ್ಕೆ ಸಿಕ್ಕಿತು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಮಲಗಿದ್ದವರು ಕಣ್ಣು ಬಿಟ್ಟು, "ಮೆಂತ್ಯ ಕೇಳಲಿಲ್ವಾ?" ಅಂದರು.

"ಇಲ್ಲ ಅತ್ತೆ."

"ಕೇಳ್ಬೇಕಿತ್ತು. ಅದ್ರಲ್ಲಿ ಗೊತ್ತಾಗುತ್ತೆ ಯಾರಿಗೆ ಎಷ್ಟು ಗೊತ್ತು ಅಂತ" ಎಂದು ಗೋಡೆಯ ಕಡೆ ತಿರುಗಿಕೊಂಡರು.

ಸೋಸಿ ತೆಗೆದುಕೊಳ್ಳಿ

ಈ ಪ್ರಸಂಗದಲ್ಲಿ ತಪ್ಪು ಪೂರ್ತಿ ನನ್ನದು. ಡಾಕ್ಟರಮ್ಮ ಕೊಡುತ್ತಿದ್ದ ಬೇರು, ತೊಗಟೆ, ಕಡ್ಡಿಗಳ ಪೊಟ್ಟಣಕ್ಕೆ ಬಳಸುವ ವಿಧಾನದ ಚೀಟಿ ಬರೆಯುವುದು ನನ್ನ ಕೆಲಸ. ನಾನು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವಳು. "ಮೂರು ಲೋಟ ನೀರು ಹಾಕಿ, ಒಂದು ಲೋಟಕ್ಕೆ ಇಳಿಸಿ, ಸೋಸಿ ತೆಗೆದುಕೊಳ್ಳಿ." ನಮ್ಮವರಿಗಾದರೆ ಇದರಲ್ಲಿ ಏನು ಗೊಂದಲ? ಕಷಾಯ ಕಂಡ ಯಾರಿಗಾದರೂ ಗೊತ್ತು, ಸೋಸಿದ್ದನ್ನು ಕುಡಿಯಬೇಕು.

ಮೂರನೆಯ ದಿನ ಒಬ್ಬರು ಫೋನ್ ಮಾಡಿದರು. ರಿಟೈರ್ ಆದ ಬಸ್ ಡ್ರೈವರ್, ಬಹಳ ಮರ್ಯಾದಸ್ಥ ಮನುಷ್ಯ.

"ಮೇಡಂ, ದೂರು ಅಂತ ತಿಳಿಯಬೇಡಿ. ನೀವು ಬರೆದ ಹಾಗೇ ಸೋಸಿ, ನೀರನ್ನೆಲ್ಲ ಸಿಂಕಿಗೆ ಚೆಲ್ಲಿ, ಉಳಿದದ್ದನ್ನು ತೆಗೆದುಕೊಂಡೆ. ತೊಗಟೆ ಪರವಾಗಿಲ್ಲ, ಕೆಚಪ್ ಹಾಕಿಕೊಂಡೆ. ಆದರೆ ಆ ಕಡ್ಡಿ ಮಾತ್ರ ನನ್ನ ಕಟ್ಟಿಸಿದ ಹಲ್ಲಿಗೆ ಬಗ್ಗುತ್ತಿಲ್ಲ. ಸಣ್ಣ ಸೈಜ್ ಇದೆಯೇ?"

ಓಡಿಹೋಗಿ ಒಳಗೆ ಹೇಳಿದೆ. ಡಾಕ್ಟರಮ್ಮ ಕೂಡಲೇ ಅವರನ್ನು ಕರೆಸಿ, ನಾಡಿ ನೋಡಿ, ಹೊಟ್ಟೆ ಒತ್ತಿ ನೋಡಿ, ನನ್ನನ್ನು ಕೆಂಗಣ್ಣಿನಿಂದ ನೋಡಿದರು. ಏನೂ ಆಗಿರಲಿಲ್ಲ. ನಾನು ಮೂರು ಸಲ ಕ್ಷಮೆ ಕೇಳಿದೆ. ಆತ ನನ್ನ ಕಿವಿಯ ಹತ್ತಿರ ಬಗ್ಗಿ, "ಬೇಜಾರು ಮಾಡ್ಕೋಬೇಡಿ. ಮೂವತ್ತು ವರ್ಷ ಬಸ್ಸಿನ ಸೀಟಿನ ಮೇಲೆ ಕೂತವನು ನಾನು. ಬೆಳಗ್ಗೆ ಇಷ್ಟು ಸಲೀಸಾಗಿ ಯಾವತ್ತೂ ಆಗಿರಲಿಲ್ಲ" ಅಂದರು.

ಮರುದಿನದಿಂದ ಚೀಟಿಯಲ್ಲಿ ಒಂದು ಸಾಲು ಹೆಚ್ಚಾಯಿತು: ನೀರು ಕುಡಿಯಿರಿ, ಸೌದೆ ತಿನ್ನಬೇಡಿ.

ಒಳಗಡೆ ಹೀಟ್

ಎರಡು ಸಾವಿರದ ಇಸವಿ ಬಂದಾಗ ಕಂಪ್ಯೂಟರುಗಳು ಕೆಡದಂತೆ ನೋಡಿಕೊಳ್ಳಲು ಬೆಂಗಳೂರಿನಿಂದ ಬಂದಿದ್ದ ಹುಡುಗರು ಆಗ ಅಪಾರ್ಟ್‌ಮೆಂಟಿಗೆ ನಾಲ್ವರಂತೆ ತುಂಬಿಕೊಂಡಿದ್ದರು. ಅವರಲ್ಲೊಬ್ಬ ಬಾಯಿ ತುಂಬ ಹುಣ್ಣು ಮಾಡಿಕೊಂಡು ಬಂದ. ನನ್ನ ಕನ್ನಡ ಕೇಳಿದ ಕೂಡಲೇ ಅವನ ದುಃಖದ ಕಟ್ಟೆ ಒಡೆಯಿತು.

"ಆಂಟಿ, ಮೊದ್ಲು ಇಲ್ಲೇ ಒಬ್ರು ಅಮೆರಿಕನ್ ಡಾಕ್ಟರ್ ಹತ್ರ ಅಪಾಯಿಂಟ್‌ಮೆಂಟ್ ತಗೊಂಡಿದ್ದೆ. ಮೈ ಬಾಡಿ ಈಸ್ ಹೀಟ್ ಅಂದೆ. ಬಾಯಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, ನಾರ್ಮಲ್ ಅಂದ್ರು. ಇಲ್ಲ ಡಾಕ್ಟರ್, ಹಂಗಲ್ಲ, ಒಳಗಡೆ ಹೀಟ್ ಅಂತ ಎಕ್ಸ್‌ಪ್ಲೇನ್ ಮಾಡಿದೆ."

"ಆಮೇಲೆ?"

"ಒಳಗಡೆ ಅಂದಿದ್ದಕ್ಕೆ ಇನ್ನೊಂದು ಥರ್ಮಾಮೀಟರ್ ಎತ್ಕೊಂಡು ತಿರುಗಿ ಮಲ್ಕೋ ಅಂದ್ರು ಆಂಟಿ. ಎದ್ದು ಬಂದ್ಬಿಟ್ಟೆ."

ನಾನು ಸ್ವೆಟರ್ ತೋಳನ್ನು ಕಚ್ಚಿಕೊಂಡೇ ಅವನನ್ನು ಒಳಗೆ ಕಳಿಸಿದೆ. ಡಾಕ್ಟರಮ್ಮ ನಾಲಿಗೆ ನೋಡಿದರು. ದಿನಕ್ಕೆ ಎಷ್ಟು ಕಾಫಿ ಎಂದು ಕೇಳಿದರು. ಒಂಬತ್ತು. ನಿದ್ದೆ? ನಾಲ್ಕು ಗಂಟೆ. ಊಟ? ಖಾರದ ಸಾಸ್ ಹಾಕಿದ ಪಿಜ್ಜಾ. ಡಾಕ್ಟರಮ್ಮ ಮೇಜು ಕುಟ್ಟಿ, "ಹೀಟ್! ಇನ್‌ಸೈಡ್ ಹೀಟ್!" ಎಂದು ಕೂಗಿದರು. ಹುಡುಗನ ಕಣ್ಣಲ್ಲಿ ನೀರು. ಈ ದೇಶಕ್ಕೆ ಬಂದ ಮೇಲೆ ಅವನ ಮಾತು ಮೊದಲ ಬಾರಿಗೆ ಒಬ್ಬರಿಗೆ ಅರ್ಥವಾಗಿತ್ತು.

ಹೆಸರುಕಾಳು ಬೇಯಿಸಿದ ನೀರು ಕುಡಿ, ಸೌತೆಕಾಯಿ ತಿನ್ನು, ಕಾಫಿ ಕಡಿಮೆ ಮಾಡು, ಬೇಗ ಮಲಗು, ಎರಡು ವಾರದಲ್ಲಿ ಹುಣ್ಣು ವಾಸಿಯಾಗದಿದ್ದರೆ ದೊಡ್ಡ ಡಾಕ್ಟರಿಗೆ ತೋರಿಸು ಎಂದರು.

ಹುಡುಗ ಪೆಚ್ಚಾಗಿ, "ನಮ್ಮಮ್ಮನೂ ಫೋನಲ್ಲಿ ಇದನ್ನೇ ಹೇಳಿದ್ರು" ಅಂದ. ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಡಾಕ್ಟರಮ್ಮ ಬರೆಯುತ್ತಿದ್ದ ಚೀಟಿಯನ್ನು ಹರಿದು ಹಾಕಿ ಹೊಸದು ಬರೆದುಕೊಟ್ಟರು. ಅದರಲ್ಲಿದ್ದದ್ದು ಇಷ್ಟೇ: "ಮದರ್. ಟೆಲಿಫೋನ್. ವಾರಕ್ಕೆ ಎರಡು ಸಲ."

ಬರೀ ಅಂಗಿ

ಇಷ್ಟೆಲ್ಲ ನೋಡಿದ ಮೇಲೆ ಅತ್ತೆಯನ್ನೂ ಒಮ್ಮೆ ಇವರಿಗೆ ತೋರಿಸೋಣ ಅನ್ನಿಸಿತು. ಅತ್ತೆ ಒಪ್ಪಲಿಲ್ಲ. "ಚೀನಾದವರು ಹುಳ ಹುಪ್ಪಟೆ ಎಲ್ಲಾ ಅರೆದು ಕೊಡ್ತಾರಂತೆ. ಸಾಯೋ ಕಾಲದಲ್ಲಿ ಜಾತಿ ಕೆಡಿಸ್ಬೇಡ." ಸಾಯೋ ಕಾಲ ಅನ್ನುವ ಮಾತು ಕೇಳಿ ನನ್ನವರು ತಟ್ಟೆ ಬಿಟ್ಟು ಎದ್ದು ಹೋದರು.

ಮರುದಿನ ಡಾಕ್ಟರಮ್ಮನನ್ನೇ ಕೇಳಿದೆ. "ನಿಮ್ಮ ಔಷಧಿಯೆಲ್ಲ ಸಸ್ಯಾಹಾರವೇ?"

"ವೆಜಿಟೇಬಲ್! ಆಲ್ ವೆಜಿಟೇಬಲ್!" ಎಂದು ಗೋಡೆ ತುಂಬ ಇದ್ದ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ತೋರಿಸಿದರು. ಬೇರು, ಹೂವು, ಬೀಜ, ಸಿಪ್ಪೆ. ಒಂದರಲ್ಲಿ ಮಾತ್ರ ಕಾಲುಗಳಿದ್ದವು. ಜೀರುಂಡೆಯ ಪೊರೆ. ನಾನು ಎರಡು ಹೆಜ್ಜೆ ಹಿಂದೆ ಹಾರಿದೆ.

"ನೋ ಪ್ರಾಬ್ಲಂ" ಅಂದರು ಡಾಕ್ಟರಮ್ಮ ಬಹಳ ಶಾಂತವಾಗಿ. "ಇದು ಬರೀ ಅಂಗಿ. ಮಾಲೀಕ ಬಿಚ್ಚಿಟ್ಟು ಹೋಗಿದ್ದಾನೆ."

ಮೆಂತ್ಯದ ಡ್ರಾಯರು

ಔಷಧಿ ಕೊಡಕೂಡದು, ಬರೀ ನಾಡಿ ನೋಡಬೇಕು ಎಂಬ ಕರಾರಿನ ಮೇಲೆ ಅತ್ತೆ ಕಡೆಗೂ ಬಂದರು. ಸೀರೆಯ ಮೇಲೆ ಮಗನ ದೊಡ್ಡ ಜಾಕೆಟ್ ಹಾಕಿಕೊಂಡು, ಅದರೊಳಗೆ ಕಾಣೆಯಾದವರ ಹಾಗೆ ಕೂತರು. ಡಾಕ್ಟರಮ್ಮ ಎರಡು ಕೈಯ ನಾಡಿಯನ್ನೂ ಮೂರು ಬೆರಳಿಟ್ಟು ಬಹಳ ಹೊತ್ತು ನೋಡಿದರು. "ನಮ್ಮ ಪಂಡಿತರೂ ಹೀಗೇ ನೋಡ್ತಿದ್ರು" ಎಂದು ಅತ್ತೆ ಮೆಲ್ಲಗೆ ಹೇಳಿದರು. ನನಗೆ ಒಂದಿಷ್ಟು ಧೈರ್ಯ ಬಂತು.

"ಬೆಳಿಗ್ಗೆ ಏನು ತಿನ್ನುತ್ತಾರೆ?"

"ನೆನೆಸಿದ ಮೆಂತ್ಯ, ಒಂದು ಚಮಚ. ತಂಪಿಗೆ" ಅಂದೆ ನಾನು.

ಡಾಕ್ಟರಮ್ಮ ಎದ್ದು ಹೋಗಿ ಒಂದು ಡ್ರಾಯರ್ ಎಳೆದು ಮುಷ್ಟಿ ತುಂಬ ತಂದರು. ನಮ್ಮ ಮೆಂತ್ಯವೇ. "ದಿಸ್? ಹಾಟ್! ಕೋಲ್ಡ್ ಅಂತ ಯಾರು ಹೇಳಿದ್ದು?"

"ಏನಂತೆ?" ಅಂದರು ಅತ್ತೆ.

"ಒಳ್ಳೇದು ಅಂತಿದಾರೆ" ಎಂದು ಸುಳ್ಳು ಹೇಳಿದೆ.

"ಅವರ ಮುಖ ಹಂಗೆ ಹೇಳ್ತಿಲ್ಲ. ಸರಿಯಾಗಿ ಹೇಳು."

"ಮೆಂತ್ಯ ಉಷ್ಣ ಅಂತಿದಾರೆ ಅತ್ತೆ."

ಜಾಕೆಟ್ಟಿನೊಳಗಿಂದ ಅತ್ತೆ ಹೊರಗೆ ಬಂದರು. ಬೆನ್ನು ನೆಟ್ಟಗಾಯಿತು. ಅಮೆರಿಕಕ್ಕೆ ಬಂದ ಮೇಲೆ ಅವರ ಬಾಯಿಂದ ಮೊದಲ ಇಂಗ್ಲಿಷ್ ಹೊರಟಿತು: "ನೋ! ಕೋಲ್ಡ್!"

"ಹಾಟ್!"

"ಕೋಲ್ಡ್! ಫಾರ್ಟಿ ಇಯರ್ಸ್ ಐ ಪುಟ್!"

"ಬುಕ್ ಸೇ ಹಾಟ್! ವೆರಿ ಓಲ್ಡ್ ಬುಕ್!"

"ಅವರ ಬುಕ್ಕಿಗೆ ಮಜ್ಜಿಗೇಲಿ ಕಲಸಿ ಕುಡಿಯೋದು ಗೊತ್ತಿದೆಯಾ ಕೇಳು!"

ನಡುವೆ ನನ್ನನ್ನು ಯಾರೂ ಕೇಳುವವರಿಲ್ಲ. ಇಬ್ಬರೂ ಡ್ರಾಯರುಗಳ ಮುಂದೆ ನಿಂತುಬಿಟ್ಟರು. ಶುಂಠಿಗೆ ಇಬ್ಬರೂ ಹಾಟ್ ಅಂದರು. ಹೆಸರುಕಾಳಿಗೆ ಇಬ್ಬರೂ ಕೋಲ್ಡ್ ಅಂದು ಒಬ್ಬರ ಬೆನ್ನು ಒಬ್ಬರು ತಟ್ಟಿದರು. ಮತ್ತೆ ಮೆಂತ್ಯಕ್ಕೆ ಬಂದು ಜಗಳ. ಹೊರಗೆ ಮೂರು ಜನ ರೋಗಿಗಳು ಕಾಯುತ್ತಿದ್ದರು. ಅವರಲ್ಲಿ ನಮ್ಮ ಬಸ್ ಡ್ರೈವರೂ ಇದ್ದರು. "ಏನಾದರೂ ಎಮರ್ಜೆನ್ಸಿಯೇ?" ಎಂದು ಕೇಳಿದರು. "ಹೌದು, ಬೀಜದ್ದು" ಅಂದೆ.

ಮನೆಗೆ ಹೋಗುವಾಗ ಕಾರಿನಲ್ಲಿ ಅತ್ತೆ ಮೂರು ಸಿಗ್ನಲ್ ದಾಟುವವರೆಗೂ "ಕೋಲ್ಡ್, ಕೋಲ್ಡ್" ಎಂದು ಗೊಣಗುತ್ತಿದ್ದರು. ಆಮೇಲೆ, "ನಿಮ್ಮ ಮಾವನೂ ಹೀಗೇ. ಉಷ್ಣ ಉಷ್ಣ ಅಂತ ಪ್ರಾಣ ತಿನ್ನೋರು. ನಲವತ್ತು ವರ್ಷ ಜಗಳ ಆಡಿದೀನಿ, ಒಪ್ಪದೇ ಹೋಗ್ಬಿಟ್ರು" ಎಂದು ಅಳತೊಡಗಿದರು. ಬಂದ ಮೇಲೆ ಅವರು ಅತ್ತದ್ದು ಅದೇ ಮೊದಲು. ನಾನು ಗಾಡಿಯನ್ನು ಒಂದು ಪಾರ್ಕಿಂಗ್ ಲಾಟ್‌ಗೆ ತಿರುಗಿಸಿ ನಿಲ್ಲಿಸಿದೆ. ನಾನೂ ಅತ್ತುಬಿಟ್ಟೆ. ಆಗ ನನಗೆ ಹೊಳೆಯಿತು. ನಮ್ಮ ಮನೆಯಲ್ಲಿ ಅವರು ಏನು ಹೇಳಿದರೂ ನಾವು "ಹೂಂ, ಆಯ್ತು, ನೀವು ಹೇಳಿದ ಹಾಗೇ" ಅನ್ನುತ್ತಿದ್ದೆವು. ಗೌರವ ಕೊಡುತ್ತಿದ್ದೇವೆ ಅಂದುಕೊಂಡಿದ್ದೆವು. ಪಾಪ, ಅವರಿಗೆ ಎದುರು ಮಾತಾಡುವವರೇ ಇರಲಿಲ್ಲ.

ಅಳು ನಿಲ್ಲಿಸಿ ಮೂಗು ಒರೆಸಿಕೊಂಡು ಅತ್ತೆ ಕೇಳಿದರು: "ಮನೇಲಿ ಅಕ್ಕಿ ನೆನೆ ಹಾಕೋಕೆ ದೊಡ್ಡ ಪಾತ್ರೆ ಇದೆಯಾ?"

ಮಾರನೆಯ ದಿನ ರುಬ್ಬಿಟ್ಟು, ಅದರ ಮಾರನೆಯ ಬೆಳಿಗ್ಗೆ ಮೆಂತ್ಯದ ದೋಸೆ ಹುಯ್ದರು. "ಉಷ್ಣ ಆಗುತ್ತಾ ನೋಡೇಬಿಡೋಣ" ಎಂದು ಪ್ರಯೋಗಕ್ಕಾಗಿ ತಾವೇ ಎರಡು ತಿಂದರು. ಸಾಕ್ಷಿ ಸಾಲದು ಎಂದು ಮೂರನೆಯದನ್ನೂ ತಿಂದರು. ನನ್ನವರು ಬಾಗಿಲ ಮರೆಯಲ್ಲಿ ನಿಂತು ಎಣಿಸುತ್ತಿದ್ದರು. ನಮ್ಮ ಆರು ವರ್ಷದ ಮಗಳು, "ಅಜ್ಜಿ, ಯು ಆರ್ ಈಟಿಂಗ್!" ಎಂದು ಕಿರುಚಿದಳು. "ತಿಂತಿಲ್ಲ ಕಣೇ, ಪ್ರೂವ್ ಮಾಡ್ತಿದೀನಿ" ಅಂದರು ಅತ್ತೆ.

ಅಲ್ಲಿಂದ ಪ್ರತಿ ಗುರುವಾರ ಡಬ್ಬಿ ಕಟ್ಟಿಕೊಂಡು ನನ್ನ ಜೊತೆ ಹೊರಡುವುದೇ. ದೋಸೆ, ಮೆಂತ್ಯಸೊಪ್ಪಿನ ಭಾತು, ಮೆಂತ್ಯದ ಗೊಜ್ಜು. ಡಾಕ್ಟರಮ್ಮ ಚಪ್ಪರಿಸಿಕೊಂಡು ತಿಂದು, ಬೆರಳು ನೆಕ್ಕಿ, "ವೆರಿ ಗುಡ್. ಹಾಟ್" ಅನ್ನುವರು. ಅತ್ತೆ ಉರಿದುಹೋಗಿ ಮುಂದಿನ ವಾರದ ತಯಾರಿಗೆ ಇಳಿಯುವರು. ನಾನು ಬಿಗಿ ಮಾಡಿದ್ದ ರವಿಕೆಗಳ ಹೊಲಿಗೆ ಬಿಚ್ಚಿದೆ.

ಒಂದು ದಿನ ಯಾರೂ ಇಲ್ಲದಾಗ ಕೇಳಿದೆ. "ಡಾಕ್ಟರ್, ನಿಜ ಹೇಳಿ. ಮೆಂತ್ಯ ಹಾಟೋ ಕೋಲ್ಡೋ?"

ಡಾಕ್ಟರಮ್ಮ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಪುಸ್ತಕದಲ್ಲಿ ಹಾಟ್. ಮಜ್ಜಿಗೆಯಲ್ಲಿ, ಮೇ ಬಿ ಕೋಲ್ಡ್. ಮದರ್-ಇನ್-ಲಾಗೆ ಹೇಳಬೇಡ. ಶಿ ವಿಲ್ ಗೋ ಹೋಮ್."

ಆರು ತಿಂಗಳು ಮುಗಿಯುತ್ತ ಬಂತು. ಟಿಕೆಟ್ ಪ್ರಿಪೋನ್ ಮಾಡಿಸು ಎಂಬ ಮಾತು ನಿಂತು ಎಷ್ಟೋ ಭಾನುವಾರಗಳಾಗಿದ್ದವು. ಒಂದು ಸಂಜೆ ಅತ್ತೆಯೇ ಬಂದು ಮಗನ ಎದುರು ಕೂತರು.

"ಈ ವೀಸಾನ ಎಕ್ಸ್‌ಟೆಂಡ್ ಮಾಡಿಸ್ಬಹುದಂತಲ್ಲ. ಮಾಡ್ಸು. ಆಯಮ್ಮನ್ನ ಒಪ್ಪಿಸ್ದೆ ನಾನು ಹೋಗೋಳಲ್ಲ."

ನನ್ನವರು ಮುಖ ಅರಳಿಸಿಕೊಂಡು ಅಂದೇ ಫಾರಂ ತಂದು ತುಂಬಲು ಕೂತರು. ಹೆಸರು, ವಿಳಾಸ, ಹುಟ್ಟಿದ ದಿನ ಎಲ್ಲ ಬರೆದಾಯಿತು. ಒಂದು ಕಡೆ ಪೆನ್ನು ನಿಂತಿತು.

"ಅಮ್ಮಾ, ಇನ್ನೂ ಆರು ತಿಂಗಳು ಇರೋಕೆ ಕಾರಣ ಏನು ಅಂತ ಸರ್ಕಾರ ಕೇಳ್ತಿದೆ. ಏನ್ ಬರೀಲಿ?"

ಅತ್ತೆ ಬಾಯಲ್ಲಿದ್ದ ದೋಸೆ ನುಂಗಿ ಹೇಳಿದರು:

"ಮೆಂತ್ಯ ತಂಪು ಅಂತ ಬರಿ."