ಅಣ್ಣ ಕೊಟ್ಟ ಹಾಗಲಕಾಯಿ

ಕಾಶೀನಾಥನಿಗೆ ಹಾಗಲಕಾಯಿ ಕಂಡರೆ ಆಗುತ್ತಿರಲಿಲ್ಲ. ಇಷ್ಟು ಸಣ್ಣ ಸಂಗತಿ ಫಿಲಿಪೈನ್ಸಿನ ಸೆಬುವಿನಿಂದ ತನ್ನೂರು ನಾಲವಾರದವರೆಗೆ ಬೆನ್ನು ಹತ್ತಿ ಬಂದೀತೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಇಂಗ್ಲಿಷ್ ಕಲಿಯಲೆಂದು ಅವನು ಸೆಬುವಿಗೆ ಹೋದಾಗ ತರಗತಿಯಲ್ಲಿ ಇವನೊಬ್ಬನನ್ನು ಬಿಟ್ಟರೆ ಉಳಿದವರೆಲ್ಲ ಕೊರಿಯಾದವರು. ಪಕ್ಕದಲ್ಲಿ ಕುಳಿತ ಜುನ್-ಹೊ ಹೆಸರು ಕೇಳಿದ, ಮರುಮಾತಿಗೇ ವಯಸ್ಸು ಕೇಳಿದ. ಕಾಶೀನಾಥ ತನಗಿಂತ ಒಂದು ವರ್ಷ ದೊಡ್ಡವನೆಂದು ತಿಳಿದದ್ದೇ ತಡ, ಎದ್ದು ನಿಂತು ತಲೆ ಬಾಗಿಸಿ "ಹ್ಯೊಂಗ್" ಅಂದ. ಹಾಗೆಂದರೆ ಅಣ್ಣ.

ಅವತ್ತಿನಿಂದ ನೀರಿನ ಲೋಟ ಕೊಟ್ಟರೂ ಎರಡೂ ಕೈಯಿಂದ. ಅಣ್ಣ ಉಣ್ಣಲು ಶುರು ಮಾಡದೆ ತಮ್ಮ ಮಾಡುವಂತಿಲ್ಲ, ಅಣ್ಣ ಮುಗಿಸದೆ ತಮ್ಮ ಮುಗಿಸುವಂತಿಲ್ಲ, ಅಣ್ಣ ಕೊಟ್ಟದ್ದನ್ನು ಬೇಡ ಅನ್ನುವಂತೆಯೇ ಇಲ್ಲ. ಮೂವರು ಅಕ್ಕಂದಿರ ಬೆನ್ನಿಗೆ ಹುಟ್ಟಿ, ಓಣಿಗೆಲ್ಲ 'ತಮ್ಮ'ನಾಗಿಯೇ ಬೆಳೆದಿದ್ದ ಕಾಶೀನಾಥನಿಗೆ ಸ್ವರ್ಗಕ್ಕೆ ಮೂರೇ ಗೇಣು. ಜ್ವರ ಬಂದಾಗ ರಾತ್ರಿಯಿಡೀ ಹಣೆಗೆ ತಣ್ಣೀರ ಬಟ್ಟೆ ಹಾಕಿದ ಆ ಹುಡುಗನ ಮೇಲೆ ಅವನಿಗೆ ಪ್ರೀತಿಯೂ ಇತ್ತು. ಆದರೆ ಹಾಸ್ಟೆಲ್ಲಿನ ಊಟಕ್ಕೆ ಹಾಗಲಕಾಯಿ ಬಂದಾಗಲೆಲ್ಲ ತನ್ನ ಪಾಲನ್ನು ಅವನ ತಟ್ಟೆಗೆ ಸುರಿದು, "ಉಣ್ಣಪ್ಪ, ಆರೋಗ್ಯಕ್ಕೆ ಒಳ್ಳೆಯದು" ಅನ್ನುತ್ತಿದ್ದ. ಜುನ್-ಹೊ ಎರಡೂ ಕೈಯಿಂದ ತಟ್ಟೆ ಒಡ್ಡಿ, ಕಣ್ಣು ಮುಚ್ಚಿ ನುಂಗುತ್ತಿದ್ದ.

ಮನೆಗೆ ಫೋನ್ ಮಾಡಿದಾಗ ಮಾತ್ರ ಅವ್ವನಿಗೆ, "ಇಲ್ಲೊಬ್ಬ ಗೆಳೆಯ ಅದಾನ, ಹಾಗಲಕಾಯಿ ಅಂದ್ರ ಜೀವಾ ಬಿಡ್ತಾನ" ಎಂದು ಹೇಳಿಬಿಟ್ಟಿದ್ದ.

ಆ ಜುನ್-ಹೊ ಈಗ ಹಿಂದೂಸ್ತಾನ ನೋಡಲು ಬಂದು, ವಾಡಿಯಲ್ಲಿ ಗಾಡಿ ಬದಲಿಸಿ, ನಾಲವಾರದ ಸ್ಟೇಶನ್ನಿನಲ್ಲಿ ಇಳಿದಿದ್ದ. ಒಂದು ವಾರದಿಂದ ಕಾಶೀನಾಥ ಓಣಿ ತುಂಬ ಡಂಗುರ ಹೊಡೆದಿದ್ದ: "ನನ್ನ ತಮ್ಮ ಬರಾಕತ್ತಾನ. ಅಣ್ಣ ಅಂದ್ರ ಏನಂತ ನಿಮಗೆಲ್ಲ ಅಂವ ತೋರಸ್ತಾನ, ನೋಡ್ರಿ." ಜೀವಮಾನದಲ್ಲಿ ಒಂದು ದಿನವಾದರೂ ಈ ಓಣಿಯಲ್ಲಿ ಹಿರಿಯನಾಗಿ ನಡೆಯಬೇಕೆಂಬುದೇ ಅವನ ಆಸೆ.

ಪ್ಲಾಟ್‌ಫಾರ್ಮಿನಲ್ಲೇ ಜುನ್-ಹೊ ಸೊಂಟದವರೆಗೆ ಬಾಗಿದ. ಅದೇ ಗಾಡಿಗೆ ಬಂದಿದ್ದ ಪಕ್ಕದ ಮನೆಯ ಅಖ್ತರ ಬೇಗಂ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಯಾ ಅಲ್ಲಾ! ನಮ್ಮ ಕಾಶಿಗೆ ಸಲಾಂ ಮಾಡೋರೂ ಹುಟ್ಯಾರೇನು!" ಕಾಶೀನಾಥನ ಎದೆ ಹೋಳಿಗೆಯಂತೆ ಉಬ್ಬಿತು.

ಮಧ್ಯಾಹ್ನ ಪಡಸಾಲೆಯಲ್ಲಿ ತಾಟು ಹಾಕಿದರು. ಕಾಶೀನಾಥನಿಗೆ ಅಕ್ಷರ ಕಲಿಸಿದ್ದ ನಿವೃತ್ತ ಮಾಸ್ತರ ಮಡಿವಾಳಯ್ಯನವರೂ ಊಟಕ್ಕೆ ಬಂದಿದ್ದರು. ಅವ್ವ ಶಿವಕಾಂತಮ್ಮ ರೊಟ್ಟಿ ನೀಡಿದಳು, ಶೇಂಗಾ ಹೋಳಿಗೆ ನೀಡಿದಳು. ಆಮೇಲೆ ಸಂಭ್ರಮದಿಂದ ಒಳಗಿನಿಂದ ದೊಡ್ಡದೊಂದು ಬೋಗಾಣಿ ಹೊತ್ತು ತಂದಳು. "ತಗೋರಿ ಸಾಹೇಬ್ರ, ನಿಮ್ಮ ಸಲುವಾಗೇ ಮಾಡೀನಿ."

ಹಾಗಲಕಾಯಿ ಪಲ್ಯ. ಜುನ್-ಹೊನ ಮುಖ ಹರಳೆಣ್ಣೆ ಕುಡಿದವನಂತಾಯಿತು. ಕಹಿಯನ್ನು ಮೊದಲೇ ಮುಗಿಸಿಬಿಟ್ಟರಾಯಿತೆಂದು ಗಬಗಬ ನುಂಗಿದ. ತಾಟಿನಲ್ಲಿ ಜಾಗ ಖಾಲಿಯಾದರೆ ಅತಿಥಿಗೆ ಇನ್ನೂ ಹಸಿವೆ ಎಂಬುದು ನಾಲವಾರದ ನಂಬಿಕೆ. ಶಿವಕಾಂತಮ್ಮ ಮತ್ತೆ ಬಡಿಸಿದಳು. ಅವನು ಮತ್ತೆ ನುಂಗಿದ.

"ಎಷ್ಟ್ ಆಶಾದಿಂದ ಉಣ್ಣಾಕತ್ತದ ನೋಡ್ರಿ ಕೂಸು!" ಎಂದು ಅವಳು ಇನ್ನೊಂದು ಸೌಟು ಸುರಿದಳು.

ಕಾಶೀನಾಥನಿಗೆ ಹೊಟ್ಟೆ ತುಂಬಿ ಬಹಳ ಹೊತ್ತಾಗಿತ್ತು. ಆದರೆ ಅತಿಥಿ ಕೈ ತೊಳೆಯದೆ ಮನೆಯವನು ತೊಳೆಯುವುದುಂಟೇ? ಅವನು ಜುನ್-ಹೊನ ಕೈ ನೋಡುತ್ತ ಇನ್ನೊಂದು ಹೋಳಿಗೆ ಮುರಿದ. ಜುನ್-ಹೊ ಅಣ್ಣನ ಕೈ ನೋಡುತ್ತ ಇನ್ನೊಂದು ತುತ್ತು ಎತ್ತಿದ. ಇವನು ನಿಲ್ಲಿಸಲೆಂದು ಅವನು, ಅವನು ನಿಲ್ಲಿಸಲೆಂದು ಇವನು.

ಸುದ್ದಿ ಹಬ್ಬಿ ಬಾಗಿಲಲ್ಲಿ ಜನ ಕೂಡಿದರು. ಅಖ್ತರ ಬೇಗಂ ತನ್ನ ಮನೆಯಿಂದ ಬಗಾರಾ ಅನ್ನ ತಂದು ಇಬ್ಬರಿಗೂ ಗುಡ್ಡೆ ಹಾಕಿದಳು. ಎದುರುಮನೆಯ ಭಾಗಣ್ಣ ಕುಸ್ತಿಯ ಕಣದಲ್ಲಿ ನಿಂತವನಂತೆ ತೊಡೆ ತಟ್ಟಿದ. "ಬಿಡಬ್ಯಾಡ ಕಾಶೀ! ಊರ ಮಾನದ ಪ್ರಶ್ನೆ ಅದ!"

ಕಾಶೀನಾಥ ಬೆವರುತ್ತ ಅವ್ವನಿಗೆ ಅಂದ, "ಅವ್ವಾ, ಅಣ್ಣ ಏಳೂತನಕ ತಮ್ಮ ಏಳಂಗಿಲ್ಲಂತ, ಅವರ ಪದ್ಧತಿ."

"ಮತ್ತ ನೀ ಏಳು."

"ಮನೀಗೆ ಬಂದಾವರಕಿಂತ ಮೊದಲ ಏಳ್ಲೇನು?"

"ಅಯ್ಯ, ಹಂಗೇನರ ಎದ್ದಿ ಅಂದ್ರ ನಾ ಓಣ್ಯಾಗ ಹ್ಯಾಂಗ ಮಾರಿ ತೋರಸ್ಲಿ? ಕುಂದ್ರು!" ಎಂದು ಅವಳು ಅವನ ತಾಟಿಗೆ ಹೋಳಿಗೆ ಒಗೆದಳು.

ಅಷ್ಟರಲ್ಲಿ ಮಡಿವಾಳಯ್ಯ ಮಾಸ್ತರರು ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡರು. "ಯಾರ್ ಅಣ್ಣ? ಇಂವಾ? ಮನ್ಯಾಗ ಭಾಳ ಕಾಡ್ತಾನಂತ ನಾಲ್ಕ ವರ್ಷದಾಂವನ್ನ ತಂದು ಸಾಲ್ಯಾಗ ಒಗದಿದ್ದಿ ಶಿವಕಾಂತಮ್ಮ, ನೆನಪದಿಲ್ಲ? ವಯಸ್ಸಿಗೆ ಎರಡ ವರ್ಷ ಕೂಡಿಸಿ, ಹುಟ್ಟಿದ್ದು ಜೂನ್ ಒಂದು ಅಂತ ನಾನೇ ಹಾಕೀನಿ."

ಆ ಓಣಿಯಲ್ಲಿ ಭಾಗಣ್ಣನಿಂದ ಹಿಡಿದು ಎಲ್ಲರೂ ಮಾಸ್ತರರ ಕೃಪೆಯಿಂದ ಜೂನ್ ಒಂದಕ್ಕೇ ಹುಟ್ಟಿದವರು. ಯಾರಿಗೂ ಆಶ್ಚರ್ಯವಾಗಲಿಲ್ಲ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾಶೀನಾಥನ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. ಕೂಡಿಸಿದ ಆ ಎರಡು ವರ್ಷ ಕಳೆದರೆ ಜುನ್-ಹೊನೇ ಒಂದು ವರ್ಷ ದೊಡ್ಡವನಾಗುತ್ತಾನೆ.

"ಯಾಕೆ ನಗುತ್ತಿದ್ದಾರೆ, ಹ್ಯೊಂಗ್? ಆ ಅಜ್ಜ ಏನಂದರು?" ಎಂದು ಜುನ್-ಹೊ ಇಂಗ್ಲಿಷಿನಲ್ಲಿ ಕೇಳಿದ.

ಅಲ್ಲಿ ಇಂಗ್ಲಿಷ್ ಬಲ್ಲವನು ಕಾಶೀನಾಥನೊಬ್ಬನೇ. ಒಂದು ಸುಳ್ಳು ಹೇಳಿದರೆ ಅಣ್ಣತನ ಉಳಿಯುತ್ತಿತ್ತು. ಆದರೆ ಊಟವೂ ಮುಗಿಯದೆ ಉಳಿಯುತ್ತಿತ್ತು. ಅವ್ವನ ಸೌಟು ಮತ್ತೆ ಬೋಗಾಣಿಗೆ ಇಳಿದಿತ್ತು. ಎದುರಿಗೆ ಕಹಿಗೆ ಕಣ್ಣಲ್ಲಿ ನೀರು ತುಂಬಿಕೊಂಡು, ಆದರೂ ತುತ್ತು ಎತ್ತಿ ಹಿಡಿದು ತನ್ನನ್ನೇ ನೋಡುತ್ತಿರುವ ಗೆಳೆಯ. ಸೆಬುವಿನಲ್ಲೂ ಆಡಿರದಷ್ಟು ಸ್ವಚ್ಛ ಇಂಗ್ಲಿಷಿನಲ್ಲಿ ಕಾಶೀನಾಥ ನಿಜ ಹೇಳಿಬಿಟ್ಟ.

ಜುನ್-ಹೊ ಬೆರಳು ಮಡಿಸಿ ಲೆಕ್ಕ ಹಾಕಿದ. ಆಮೇಲೆ ಅವನ ಮುಖ ಅಗಲವಾಗಿ ಅರಳಿತು. ಹಿರಿಯನ ಠೀವಿಯಿಂದ ಎದ್ದು, ಬಚ್ಚಲಿಗೆ ಹೋಗಿ ಕೈ ತೊಳೆದು, ಕಾಶೀನಾಥನ ಹೆಗಲ ಮೇಲಿದ್ದ ಟವೆಲ್ಲಿಗೇ ಒರೆಸಿಕೊಂಡ.

ಅಂತೂ ಅತಿಥಿ ಎದ್ದನಲ್ಲ ಎಂದು ಕಾಶೀನಾಥ ಉಸಿರು ಬಿಟ್ಟು ಮೊಣಕಾಲೂರಿದ. ಅವನ ಹೆಗಲನ್ನು ಒಂದು ಕೈ ಮೆಲ್ಲನೆ ಕೆಳಗೊತ್ತಿತು.

ಜುನ್-ಹೊ ಬೋಗಾಣಿಯಲ್ಲಿ ಉಳಿದ ಪಲ್ಯವನ್ನೆಲ್ಲ ಅವನ ತಾಟಿಗೆ ಬಳಿದ. ಒಂದೇ ಕೈಯಿಂದ.

"ಉಣ್ಣಪ್ಪ, ಆರೋಗ್ಯಕ್ಕೆ ಒಳ್ಳೆಯದು" ಅಂದ.

ಶಿವಕಾಂತಮ್ಮನ ಕಣ್ಣು ಒದ್ದೆಯಾಯಿತು. "ತನಗ ಅಷ್ಟ್ ಸೇರೂದನ್ನ ತಮ್ಮಗ ಕೊಟ್ಟ ನೋಡ್ರಿ! ಒಡಹುಟ್ಟಿದವರೂ ಹಿಂಗ ಮಾಡಂಗಿಲ್ಲ."

ಕಾಶೀನಾಥ ಎರಡೂ ಕೈಯಿಂದ ತಾಟು ಹಿಡಿದು, ಕಣ್ಣು ಮುಚ್ಚಿಕೊಂಡ.