ತವರು ಬಿಟ್ಟ ಸಂಕಟಕ್ಕೆ ಭತ್ಯೆ

ಬ್ರಿಟಿಷರ ಆಳ್ವಿಕೆಯ ಕಾಲ. ಕ್ಯಾಂಡಿ ಜೈಲಿನ ಗೋಡೆಗೆ ಅಂಟಿಕೊಂಡ ಮನೆ. ಬುದ್ಧನ ಪಟಕ್ಕೆ ದೇವಕಣಗಿಲೆ ಹೂ ಇಟ್ಟು ದೀಪ ಹಚ್ಚದೆ ಎಂಗಲ್ತೀನಾ ಯಾವ ಬೆಳಗ್ಗೆಯೂ ಒಂದು ಗುಟುಕು ಚಹಾ ಕುಡಿದವಳಲ್ಲ. ಈಗಲೂ ಹೂ ಜೋಡಿಸುತ್ತಿದ್ದಾಳೆ. ಹಿಂದೆ ನಿಂತು ಕೂಗಾಡುತ್ತಿರುವವನು ಗಂಡ ಎದಿರಿಸಿಂಗ, ಜೈಲಿನ ಉಪ ಸೂಪರಿಂಟೆಂಡೆಂಟ್.

ಗಂಡ: ಅದೇ ಹುದ್ದೆ, ಅದೇ ಜೈಲು, ಅವೇ ಕೈದಿಗಳು! ಆ ಬಿಳಿಯ ಪೆನ್ರೋಸ್‌ಗೆ ಮಾತ್ರ ನನ್ನ ಎರಡರಷ್ಟು ಸಂಬಳ!

ಹೆಂಡತಿ: ಮೆಲ್ಲಗೆ ರೀ, ದೀಪ ಆರುತ್ತೆ. ಕೊಲಂಬೊದಲ್ಲಿ ದೊಡ್ಡ ದೊರೆ ಏನಂದ್ರು?

ಗಂಡ: ಬಿಳಿಯರು ತವರು ಬಿಟ್ಟು ಬಂದಿರ್ತಾರಂತೆ. ಆ ಸಂಕಟಕ್ಕೆ ಭತ್ಯೆಯಂತೆ.

ಹೆಂಡತಿ: ಪೆನ್ರೋಸ್ ದೊರೆ ಹುಟ್ಟಿದ್ದು ಇಲ್ಲೇ ಬದುಳ್ಳದ ಟೀ ತೋಟದಲ್ಲಿ ಅಲ್ವಾ?

ಗಂಡ: ನಾನೂ ಅದನ್ನೇ ಕೇಳ್ದೆ. 'ಅವನ ತಾತ ಬಿಟ್ಟು ಬಂದಿದ್ದನಲ್ಲ' ಅಂದ್ರು.

ಹೆಂಡತಿ: ನಾವು ಕಡಲ ದಡದ ನಮ್ಮೂರು ಗಾಲ್ ಬಿಟ್ಟು ಬಂದು ಈ ಚಳೀಲಿ ನಡುಗ್ತಿರೋದು?

ಗಂಡ: ಅದು ಬರೀ ವರ್ಗಾವಣೆಯಂತೆ.

ಹೆಂಡತಿ: ಸರಿ ಬಿಡಿ. ಸಂಕಟಪಡೋದಕ್ಕೂ ಬಣ್ಣ ಬೇಕು.

ಗಂಡ: ಇವತ್ತು ಅವನ ಮುಖಕ್ಕೇ ಹೇಳ್ತೀನಿ ನೋಡು!

ಅಂಗಳದಲ್ಲಿ ಗೊರಸಿನ ಸದ್ದು. ಪೆನ್ರೋಸ್ ಕುದುರೆಯಿಂದ ಇಳಿದ. ಎದಿರಿಸಿಂಗನ ಬೆನ್ನು ತಾನಾಗಿ ಬಾಗಿತು.

ಪೆನ್ರೋಸ್: ಎದಿರಿಸಿಂಗ, ಆರು ತಿಂಗಳ ರಜೆ ಸಿಕ್ತು. ಇಂಗ್ಲೆಂಡಿಗೆ ಹೊರಟೆ. ಮೊದಲನೇ ಸಲ ನೋಡ್ತಿರೋದು. ಅಲ್ಲಿನ ಹವೆ ಒಗ್ಗುತ್ತೋ ಏನೋ!

ಹೆಂಡತಿ: ಅಯ್ಯೋ, ತವರಿಗೆ ಹೋಗೋದೂ ಸಂಕಟವೇ!

ಪೆನ್ರೋಸ್: ನನ್ನ ಕೆಲಸವನ್ನೂ ನೀವೇ ನೋಡ್ಕೊಳ್ಳಿ.

ಗಂಡ: ಅಪ್ಪಣೆ, ದೊರೆ.

ಹೆಂಡತಿ: ಸಂಬಳ?

ಪೆನ್ರೋಸ್: ರಜೆಯಲ್ಲೂ ನನಗೆ ತಪ್ಪದೆ ಬರುತ್ತಮ್ಮಾ, ನೀವು ಯೋಚನೆ ಮಾಡಬೇಡಿ.

ಎಂಗಲ್ತೀನಾ ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ.

ಪೆನ್ರೋಸ್: ಹಾಗಂತ ಬರಿಗೈಲಿ ಬಿಟ್ಟುಹೋಗೋನಲ್ಲ ನಾನು. ಕಲ್ಲುಗಣಿ ಕೈದಿಗಳ ಹತ್ತಿರ ನಡೆದು ಹೋಗ್ತೀರಲ್ಲ, ನನ್ನ ಕುದುರೆ ಹತ್ತಿ ಹೋಗಿ.

ಗಂಡ: ದೊಡ್ಡ ಉಪಕಾರ ದೊ—

ಹೆಂಡತಿ: ಸ್ವಲ್ಪ ತಡೀರಿ. ಕುದುರೆಗೆ ಸರ್ಕಾರ ಭತ್ಯೆ ಕೊಡುತ್ತಲ್ವಾ ದೊರೆ?

ಪೆನ್ರೋಸ್: ಅದು ನನ್ನ ಹೆಸರಲ್ಲಿದೆ. ನೀವು ಮೇವು ಹಾಕಿದ್ರೆ ಸಾಕು.

ಹೆಂಡತಿ: ಬೇಡ ದೊರೆ, ಕರ್ಕೊಂಡು ಹೋಗಿ. ಹತ್ತು ವರ್ಷದಲ್ಲಿ ಇವರ ಸಂಬಳ ಏರಿದ್ದು ಆ ಭತ್ಯೆಯಷ್ಟೂ ಇಲ್ಲ. ಸರ್ಕಾರದ ಲೆಕ್ಕದಲ್ಲಿ ಕುದುರೆಯೇ ಇವರಿಗಿಂತ ದೊಡ್ಡ ಅಧಿಕಾರಿ. ಮೇಲಧಿಕಾರಿಯ ಬೆನ್ನೇರಿ ಕೂತ ಪಾಪ ನಮಗ್ಯಾಕೆ?